ನಾಲ್ಕು ಪಾಯಿಂಟ್ ಒಂದು

"ಮುಟ್ಟಬ್ಯಾಡ ಅದನ್ನ. ಅಂಗಡಿ ಚಾವಿ ಇಲ್ಲಿಟ್ಟು ನಿಮ್ಮೂರು ಔರಾದಿಗೆ ಹೋಗು."

ಸಾಯಿಮಾಳ ದನಿ ನೌಬಾದದ ಆ ಪುಟ್ಟ ರಿಪೇರಿ ಅಂಗಡಿ ದಾಟಿ ರಸ್ತೆಗೂ ಕೇಳಿಸಿತು. ಮಂಜಿರಿ ಮೇಜಿನತ್ತ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು. ಡಿಪ್ಲೊಮಾ ಒಟ್ಟಿಗೆ ಓದಿ, ಮೂರು ವರ್ಷದಿಂದ ಇಬ್ಬರೂ ಸಮಪಾಲಿನಲ್ಲಿ ನಡೆಸಿದ ಅಂಗಡಿ ಅದು.

ಜಗಳ ಒಂದು ಡಿಬಗ್ಗರ್‌ನದು. ಯಂತ್ರದ ಚಿಪ್‌ಗೆ ಜೋಡಿಸಿ ಅದರ ತಪ್ಪನ್ನು ಕಂಪ್ಯೂಟರಿನಲ್ಲಿ ಹುಡುಕುವ ಡಬ್ಬಿ. ಇಬ್ಬರೂ ಕೂತು ಕೈಯಾರೆ ಕಟ್ಟಿದ್ದು; ವೋಲ್ಟೇಜಿನ ಭಾಗ ಬೆಸೆದವಳು ಮಂಜಿರಿ. ಅಲ್ಲೇ ಹತ್ತಿರದ ಕೊಳಾರದ ಕಾರ್ಖಾನೆಯವರು ಮೂರು ಗಂಟೆಗೆ ತಮ್ಮ ಯಂತ್ರದ ಬೋರ್ಡು ತರುವವರಿದ್ದರು. ಡಬ್ಬಿಯಿಂದ ಚಿಪ್‌ಗೆ ಹೋಗಬೇಕಾದದ್ದು ಮೂರು ಪಾಯಿಂಟ್ ಮೂರು ವೋಲ್ಟ್. ಸಾಯಿಮಾಳ ಮೀಟರ್ ತೋರಿಸಿದ್ದು ನಾಲ್ಕು ಪಾಯಿಂಟ್ ಒಂದು. ಹಚ್ಚಿದರೆ ಚಿಪ್ ಸುಟ್ಟೇ ಹೋಗುತ್ತದೆ.

"ಶನಿವಾರ ಇದೇ ಮೀಟರ್‌ಲೇ ನೋಡೀನಿ. ಬರೋಬ್ಬರಿ ಇತ್ತು," ಎಂದಳು ಮಂಜಿರಿ.

"ಹಂಗಾರ ಇವತ್ತ ಮೀಟರ್ ಸುಳ್ಳು ಹೇಳ್ತದೇನು?"

"ಬಯ್ಯೂಕಿಂತ ಮೊದಲ ಎಲ್ಲಾ ನೋಡು, ಅಷ್ಟ."

ಸಾಯಿಮಾಳ ಮೈಯೆಲ್ಲ ಉರಿಯಿತು. ನೋಡುವುದನ್ನು ಇವಳು ಕಲಿಸಬೇಕೆ? ನಿನ್ನೆ ಭಾಲ್ಕಿಯ ಶಾದಿಖಾನಾದಲ್ಲಿ ಅಕ್ಕ ಜೇಬಾಳ ನಿಕಾಹ್ ನಡುವೆ ಖಾಜಿ ಸಾಹೇಬರ ವೈರಿಲ್ಲದ ಕೈಮೈಕ್ ಸತ್ತಾಗ, ಎರಡೇ ನಿಮಿಷದಲ್ಲಿ ಅದನ್ನು ಬದುಕಿಸಿದ್ದು ಯಾರು? ತನ್ನ ಒಂದೊಂದು ಸಾಮಾನಿಗೂ ಹಳದಿ ಟೇಪು ಸುತ್ತಿ ಹೆಸರು ಬರೆದಿಡುವ ಆ ಮೈಕಿನವನೇ ಪೆಚ್ಚಾಗಿ ನಿಂತಿದ್ದ. ಮದುವೆಗೂ ಇದೇ ಮೀಟರ್ ಚೀಲದಲ್ಲಿಟ್ಟುಕೊಂಡು ಹೋಗುವವಳು ಸಾಯಿಮಾ. ಹಿರಿಯರೆಲ್ಲ ಶಾಬಾಸ್ ಅಂದಿದ್ದರು. ಅಷ್ಟರಲ್ಲಿ ಬಿರಿಯಾನಿಗೆ ಕರೆ ಬಂದು, ಉಳಿದದ್ದೆಲ್ಲ ಮರೆತುಹೋಗಿತ್ತು.

ಮಂಜಿರಿ ಚಾವಿ ಮೇಜಿನ ಮೇಲಿಟ್ಟಳು. ತನ್ನ ಸೋಲ್ಡರಿಂಗ್ ಐರನ್ ಚೀಲಕ್ಕೆ ಹಾಕಿಕೊಂಡಳು.

"ಇನ್ನ ನೀ ಕರದ್ರೂ ಬರಂಗಿಲ್ಲ ನಾ."

ಸಾಯಿಮಾ ಕರೆಯಲೂ ಇಲ್ಲ. ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಕಿತ್ತು ಹೊಸದು ಹಾಕಿದಳು. ನಾಲ್ಕು ಪಾಯಿಂಟ್ ಒಂದು. ಅದನ್ನೂ ಕಿತ್ತು ಇನ್ನೊಂದು ಹಾಕಿದಳು. ಮತ್ತೆ ಅದೇ. ಕಂಪ್ಯೂಟರಿನಿಂದ ಬರುವ ಐದು ವೋಲ್ಟೂ ಆರರ ಮೇಲೆ ತೋರಿಸಿತು. ಕರೆಂಟಿನವರಿಗೂ ನಾಲ್ಕು ಬೈದಳು. ಕೊನೆಗೆ ಡಬ್ಬಿ, ಮೀಟರ್ ಎರಡನ್ನೂ ಎತ್ತಿಕೊಂಡು, ಬಿಡಿಭಾಗ ಮಾರುವ ಶರಫೋದ್ದೀನ ಚಾಚಾರ ಅಂಗಡಿಗೆ ನುಗ್ಗಿದಳು.

"ನಕಲಿ ಮಾಲು ಕೊಟ್ಟೀರಿ ಚಾಚಾ. ಆಕಿ ಕಣ್ಣು ಮುಚ್ಚಿ ಹಾಕ್ಯಾಳ."

ಚಾಚಾ ಡಬ್ಬಿಯನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿ, ತಮ್ಮ ಮೀಟರ್ ಹಚ್ಚಿದರು. ಮೂರು ಪಾಯಿಂಟ್ ಮೂರು. ಅವಳ ಮೀಟರ್ ಹಚ್ಚಿದರು. ನಾಲ್ಕು ಪಾಯಿಂಟ್ ಒಂದು.

"ಡಬ್ಬಿ ಛಲೋ ಅದ ಬೇಟಿ. ನಿನ್ನ ಮೀಟರಿನ ಬ್ಯಾಟರಿ ಇಳದದ. ಬ್ಯಾಟರಿ ಇಳೀತಂದ್ರ ಮೀಟರ್ ಹೆಚ್ಚಿಗಿ ತೋರಸ್ತದ."

"ಹೋದ ವಾರ ಹೊಸಾದು ಹಾಕೀನ್ರಿ ನಾ." ಸಾಯಿಮಾ ಬಾಗಿಲ ಕಡೆ ತಿರುಗಿದಳು. "ಯಾರೋ ಬದಲ್ ಮಾಡ್ಯಾರ. ಆಕೀನ. ಅಂಗಡಿಯಾಗ ಇನ್ಯಾರಿದ್ರು? ಆಕಿ ಮನಿಗಿ ಹೋಗಿ ಕೇಳ್ತೇನಿ."

ಚಾಚಾ ಮೀಟರಿನ ಹಿಂದಿನ ಮುಚ್ಚಳ ಬಿಚ್ಚಿದರು. ಬ್ಯಾಟರಿ ತೆಗೆದು ಅವಳ ಅಂಗೈಯಲ್ಲಿಟ್ಟರು.

ಅದಕ್ಕೆ ಹಳದಿ ಟೇಪು ಸುತ್ತಿತ್ತು; ಮೇಲೆ ನೀಲಿ ಪೆನ್ನಿನಲ್ಲಿ ಬರೆದಿತ್ತು: ಭಾಲ್ಕಿ ಶಾದಿಖಾನಾ, ಖಾಜಿ ಸಾಹೇಬರ ಮೈಕ್.