ಬಾವಿ ನೀರಿನ ಅಮೀಬಾ

ದೊಡ್ಡಮುನಿಯಮ್ಮ ಲ್ಯಾಬಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗುಡಿಗೆ ಬಂದವಳಂತೆ ಕೈ ಮುಗಿದಳು. "ಹೇಳ್ಬಿಡಮ್ಮ. ನಮ್ಮ ಬಾವಿ ನೀರೇ ತಾನೇ?"

"ಮೊದಲು ಕೂತ್ಕೊಳ್ಳಿ ಅಜ್ಜಿ," ಎಂದಳು ಕಂಪ್ಯೂಟರಿನ ಮುಂದಿದ್ದ ಶರ್ವಾಣಿ. ಕಪ್ಪು ಕನ್ನಡಕದ ಮೊಮ್ಮಗಳು ಶ್ವೇತ ಕುರ್ಚಿ ಎಳೆದುಕೊಟ್ಟಳು.

ಮೂರು ವಾರದಿಂದ ಮುದುಕಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಕೆ.ಆರ್. ಪುರದ ಅವರ ಮನೆಯಲ್ಲಿ ಯಾರ ಕಣ್ಣು ಕೆಂಪಾದರೂ ಹಿತ್ತಲ ಬಾವಿಯ ನೀರನ್ನು ಊರಮ್ಮನ ಮುಂದಿಟ್ಟು ತಂದು ಕಣ್ಣಿಗೆ ಚಿಮುಕಿಸುವುದು ರೂಢಿ. ಶ್ವೇತಳಿಗೂ ಹಾಗೇ ಮಾಡಿದ್ದಳು. ಮಾರನೆಯ ದಿನ ಕಣ್ಣು ಊದಿ ನೋಟ ಮಸುಕಾಯಿತು. ನೀರಲ್ಲಿ ಬದುಕುವ ಅಮೀಬಾ ಹೊಕ್ಕಿದೆ ಎಂದರು ಡಾಕ್ಟರು. ಅಷ್ಟೇ ಸಾಕಾಯಿತು ಮಗ ಕೆಂಪರಾಜನಿಗೆ. "ಎಲ್ಲಾ ನಿನ್ನ ತೀರ್ಥದಿಂದ್ಲೇ" ಎಂದು ಕೂತರೆ ನಿಂತರೆ ತಾಯಿಯನ್ನು ಹರಿದು ತಿನ್ನುತ್ತಿದ್ದ. ಅವಳು ಎದುರಾಡಲಿಲ್ಲ. ತಪ್ಪು ತನ್ನದೇ ಎಂದು ಅವಳಿಗೂ ಅನ್ನಿಸಿಬಿಟ್ಟಿತ್ತು, ಪಾಪ.

"ಕಣ್ಣಲ್ಲಿ ಸಿಕ್ಕಿದ್ದು, ಬಾವೀಲಿ ಸಿಕ್ಕಿದ್ದು, ಇವಳ ಕಾಂಟ್ಯಾಕ್ಟ್ ಲೆನ್ಸ್ ಡಬ್ಬೀಲಿ ಸಿಕ್ಕಿದ್ದು, ಮೂರೂ ಮೈಕ್ರೋಸ್ಕೋಪಲ್ಲಿ ಒಂದೇ ಥರ ಕಾಣ್ತವೆ," ಎಂದಳು ಶರ್ವಾಣಿ. "ಅದಕ್ಕೇ ಜೀನ್ ಹೋಲಿಸಿ ನೋಡಿದ್ವಿ. ಬಾವೀದು ಬೇರೇನೇ ಜಾತಿ ಅಜ್ಜಿ. ಕಣ್ಣಿಂದೂ ಡಬ್ಬೀದೂ ಒಂದೇ. ಡಬ್ಬೀನ ನಲ್ಲಿ ನೀರಲ್ಲಿ ತೊಳೀತಿದ್ಯಾ ಶ್ವೇತ?"

ಶ್ವೇತ ತಲೆ ತಗ್ಗಿಸಿದಳು. ಲೆನ್ಸು ಬೇಡವೇ ಬೇಡ ಎಂದಿದ್ದ ಅಪ್ಪನ ಹತ್ತಿರ ಹಟ ಮಾಡಿ ತೆಗೆಸಿಕೊಂಡಿದ್ದಳು. ಅವನಿಗೆ ಹೆದರಿ ನಲ್ಲಿ ನೀರಿನ ವಿಷಯ ಇಷ್ಟು ದಿನ ಉಸಿರೆತ್ತಿರಲಿಲ್ಲ.

ದೊಡ್ಡಮುನಿಯಮ್ಮನ ಎದೆ ಹಗುರಾಯಿತು. ಮೊಮ್ಮಗಳ ಮುಖ ನೋಡುತ್ತಲೇ ಆ ಸಂತೋಷ ಅರ್ಧಕ್ಕೇ ನಿಂತುಹೋಯಿತು. "ಕಣ್ಣು ಉಳೀತದಾ ತಾಯಿ?"

"ಔಷಧಿ ಹಿಡೀತಿದೆ ಅಂದಿದ್ದಾರೆ ಡಾಕ್ಟರು. ಆ ಡಬ್ಬಿ ಬಿಸಾಕಿ."

ಅಷ್ಟರಲ್ಲಿ ಕೆಂಪರಾಜನ ಫೋನು ಬಂತು. "ಏನಂದ್ರಮ್ಮ?"

"ಬಾವಿ ನೀರೇ ಅಂತೆ ಕಣಪ್ಪ," ಎಂದಳು ದೊಡ್ಡಮುನಿಯಮ್ಮ, ರೆಪ್ಪೆ ಬಡಿಯದೆ. "ನಂದೇ ತಪ್ಪು."

ಶರ್ವಾಣಿ ಕಕ್ಕಾಬಿಕ್ಕಿಯಾದಳು. ಶ್ವೇತ ಎದ್ದುಬಂದು ಫೋನು ಕಿತ್ತುಕೊಂಡಳು. "ಸುಳ್ಳಪ್ಪ. ನನ್ನ ಲೆನ್ಸ್ ಡಬ್ಬೀಂದ ಬಂದಿದ್ದು. ನಾನೇ ನಲ್ಲಿ ನೀರಲ್ಲಿ ತೊಳೀತಿದ್ದೆ." ಕೆಂಪರಾಜನ ಗದರಿಕೆ ಇಡೀ ಕೋಣೆಗೆ ಕೇಳಿಸಿತು. ಅದು ಮುಗಿಯುವವರೆಗೂ ಶ್ವೇತ ಫೋನು ಕಿವಿಯಿಂದ ತೆಗೆಯಲಿಲ್ಲ.

ಫೋನು ಇಟ್ಟ ಮೇಲೆ ದೊಡ್ಡಮುನಿಯಮ್ಮ ಅವಳ ಕೈ ಹಿಡಿದು ಸಿಡುಕಿದಳು: "ಹುಚ್ಚುಮುಂಡೇದೇ, ಬೈಸ್ಕೊಂಡು ಬೈಸ್ಕೊಂಡು ನಂಗೆ ಅಭ್ಯಾಸ ಆಗೋಗಿತ್ತು. ನೀನ್ಯಾಕೆ ಬಾಯಿಬಿಟ್ಟೆ?"