ಲೈನ್ ವಾಪಸ್

"ಭಾಬೀ, ಲೈನ್ ಬಿಡ್ಲೇನ್ರಿ?" ಸಬ್‌ಸ್ಟೇಶನ್ನಿನ ಆಪರೇಟರ್ ಗೌಸೋದ್ದೀನ ಫೋನಿನಲ್ಲಿ ಕೇಳಿದ. ವಿಶಾಖಾ ಹೊಲಿಗೆ ಯಂತ್ರದಿಂದ ಎದ್ದು ನಿಂತಳು. ಫೋನು ಅವಳ ಗಂಡ ನಾಗಸೇನನದು. ಅವನು ಠಾಣಾ ಕುಶನೂರಿನ ಲೈನ್‌ಮನ್. ಮಧ್ಯಾಹ್ನ ಇದೇ ಫೋನಿನಿಂದ ಹೊಲಗಳ ಕಡೆಯ ಲೈನು ಬಂದ್ ಮಾಡಿಸಿ, ಫೋನನ್ನು ಚಾರ್ಜಿಗೆ ಹಚ್ಚಿಟ್ಟು, ಜೊತೆಗಾರ ಅನೀಲಕುಮಾರನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳದಾಚೆಯ ಕಂಬಕ್ಕೆ ಹೋಗಿದ್ದ. ಇನ್ನೂ ಮನೆಗೆ ಬಂದಿರಲಿಲ್ಲ.

"ಅವರಿನ್ನಾ ಬಂದಿಲ್ರಿ" ಎಂದಳು.

"ಬಂದಾನ!" ಬಾಗಿಲಲ್ಲಿ ಸ್ಕೂಟರಿನ ಕೀಲಿ ತಿರುಗಿಸುತ್ತ ನಿಂತಿದ್ದ, ಅದೇ ಲೈನಿನ ಮೇಲೆ ಹೊಲವಿದ್ದ ಊರಿನ ಹಿರಿಯ ಮಡೆಪ್ಪ ಕೂಗಿದರು. "ಬಸ್ ಸ್ಟ್ಯಾಂಡಿನ ಹೋಟೆಲಿನಾಗ ಕುಂತಾನ. ಫೋನ್ ಮನ್ಯಾಗ ಅದ, ಚಹಾ ಕುಡ್ದು ಹೋಗಿ ಹೇಳ್ತೇನಿ ಅಂದ. ಅವನ ಚಹಾ ಯಾವಾಗ ಮುಗೀಬೇಕು, ನನ್ನ ಮೋಟರ್ ಯಾವಾಗ ಹತ್ತಬೇಕು? ತ್ರೀ ಫೇಸ್ ಟೈಮ್ ಮುಗೀಲಿಕ್ಕ ಬಂತು. ಬಿಡ್ರಿ ಅಂತ ಹೇಳು ತಂಗಿ."

ವಿಶಾಖಾ ಭಾಲ್ಕಿಯವಳು. ಅವಳ ಅಪ್ಪ ಗೋರಖನಾಥ ರೈಲು ಹಳಿಯ ಮೇಲೆ ಕೆಲಸ ಮಾಡಿದವರು. ಅವರ ಬಾಯಲ್ಲಿ ಲೈನ್ ಕ್ಲಿಯರ್ ಎಂದರೆ ಗಾಡಿ ಬರಬಹುದು ಎಂದರ್ಥ. ಗಂಡನ ಮನೆಯಲ್ಲಿ ಅದೇ ಮಾತಿಗೆ ಕರೆಂಟು ಬರಕೂಡದು, ಮೇಲೆ ಮನುಷ್ಯ ಇದ್ದಾನೆ ಎಂದರ್ಥ. ಹೊಸದರಲ್ಲಿ ಅವಳಿಗೆ ಇದು ನಗೆ ತರಿಸುತ್ತಿತ್ತು. ಬ್ಲೌಸಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ತಾನು ಎಳೆಯುವುದೂ ಲೈನೇ, ಅಲ್ಲಿ ತಪ್ಪಿದರೆ ಬಟ್ಟೆ ಮಾತ್ರ ಹಾಳು ಎಂದುಕೊಳ್ಳುತ್ತಿದ್ದಳು.

ಲೈನು ಬಂದ್ ಮಾಡಿಸಿದವನೇ ಕೆಲಸ ಮುಗಿದ ಮೇಲೆ ತನ್ನ ಬಾಯಿಂದ ಅದನ್ನು ವಾಪಸ್ ಕೊಡಬೇಕು. ಅದು ಕಟ್ಟಳೆ. ಆದರೆ ಕೆಲಸ ಮುಗಿಸಿ ಬಂದ ನಾಗಸೇನ ಊಟಕ್ಕೆ ಕೂತಿರುವಾಗ ಫೋನು ಬಂದರೆ, ರೊಟ್ಟಿ ಮುರಿಯುತ್ತಲೇ "ವಾಪಸ್ ಅಂತ ಹೇಳಿಬಿಡು" ಎನ್ನುತ್ತಿದ್ದ. ವಿಶಾಖಾ ಹೇಳುತ್ತಿದ್ದಳು, ಗೌಸೋದ್ದೀನ ಬಿಡುತ್ತಿದ್ದ. ಹಾಗೆ ಅವಳ ಮಾತೂ ನಡೆಯುವಂತಾಗಿತ್ತು. ಈಗ ಒಂದು "ಹೂಂ" ಸಾಕು, ತಂತಿಯಲ್ಲಿ ಕರೆಂಟು ಹರಿಯುತ್ತದೆ.

"ನಾ ನೋಡಿಲ್ರಿ ಕಾಕಾ."

"ನಾ ನೋಡೀನಿ ಅಂದ್ನಲ್ಲ! ರೇಶನ್ ಲೈನಿನಾಗ ಯಾರರ ನಿನ್ನ ನೂಕಿ ಮುಂದ ಹೋದ್ರ ಬಾಯಿ ಬರಂಗಿಲ್ಲ, ನನ್ನ ಮುಂದ ಬಂತೇನು? ಕೊಡಿಲ್ಲಿ ಫೋನ್." ಮಡೆಪ್ಪ ಒಳಗೆ ಒಂದು ಹೆಜ್ಜೆ ಇಟ್ಟರು.

ಹಿರಿಯರ ಎದುರು ಅವಳು ಎಂದೂ ಮಾತಾಡಿದವಳಲ್ಲ. ಹಿಂದೆ ಸರಿದು ಹೊಲಿಗೆ ಯಂತ್ರವನ್ನು ನಡುವೆ ಮಾಡಿಕೊಂಡಳು. "ಗೌಸೋದ್ದೀನಭಾಯಿ, ಬಿಡಬ್ಯಾಡ್ರಿ. ಯಾರ್ ಹೇಳಿದ್ರೂ ಬಿಡಬ್ಯಾಡ್ರಿ."

"ಜಲ್ದಿ ಮಾಡ್ರಿ ಭಾಬೀ, ಇಲ್ಲಿ ಗೇಟಿಗೆ ಮಂದಿ ಬಂದು ನಿಂತಾರ. ನನ್ನ ಮನಿತನಾ ಎಲ್ಲಾ ಬೈಲಾಕತ್ತಾರ. ನಾ ಲೈನ್ ಮ್ಯಾಲೇ ಇರ್ತೇನಿ."

"ಅವನನ್ನೇ ಕರ್ಕೊಂಡ್ ಬರ್ತೇನಿ" ಎಂದು ಮಡೆಪ್ಪ ಸ್ಕೂಟರು ಹತ್ತಿದರು. ವಿಶಾಖಾ ಫೋನನ್ನು ಕಿವಿಯಿಂದ ತೆಗೆಯದೆ ಹೊಸ್ತಿಲಲ್ಲಿ ನಿಂತಳು. ಆ ಕಡೆ ಯಾರೋ ಗೇಟು ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಸ್ಕೂಟರು, ಅದರ ಹಿಂದೆಯೇ ನಾಗಸೇನನ ಬೈಕು ಕಾಣಿಸಿತು. ಗಂಡನ ಕಾಲು, ಕೈ, ಮುಖ ಎಲ್ಲ ನೆಟ್ಟಗಿದ್ದವು. ಅವಳು ಉಸಿರು ಬಿಟ್ಟಳು. ಮಡೆಪ್ಪ ಸುಳ್ಳು ಹೇಳಿರಲಿಲ್ಲ.

"ಹಿರ್ಯಾರ ಮಾತಿಗೆ ಕಿಮ್ಮತ್ತಿಲ್ಲೇನು?" ನಾಗಸೇನ ಬೈಕಿನ ಮೇಲಿಂದಲೇ ಗದರಿದ. "ಹೋಟೆಲಿನಾಗ ಎಲ್ಲಾರ ಮುಂದ ನನ್ನ ಮರ್ಯಾದಿ ತಗದಿ." ಕೆಳಗಿಳಿದು ಅವಳ ಕೈಯಿಂದ ಫೋನು ಕಿತ್ತುಕೊಂಡ. ಮಡೆಪ್ಪ ಅವಳತ್ತ ನೋಡಿ ಮೀಸೆಯಲ್ಲೇ ನಕ್ಕರು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಗಂಡನ ಸೊಂಟ ಕಂಡಿತು. ಅಲ್ಲಿ ಕಂಬ ಹತ್ತುವ ಬೆಲ್ಟು ಇರಲಿಲ್ಲ. ಬೈಕಿಗೂ ಕಟ್ಟಿರಲಿಲ್ಲ.

"ಗೌಸೋದ್ದೀನಭಾಯಿ, ನಾ ನಾಗಸೇನ. ಲೈನ್..."

ವಿಶಾಖಾ ಅವನ ಬಾಯಿಗೆ ಅಂಗೈ ಒತ್ತಿದಳು. ಮಡೆಪ್ಪ "ಅಬಬಬ!" ಎಂದರು. ನಾಗಸೇನ ಅವಳ ಕೈ ತಳ್ಳಿದ.

"ಹುಚ್ಚು ಹಿಡದದೇನು?"

"ಬೆಲ್ಟ್ ಎಲ್ಲಿ?"

"ಅನೀಲನ ಹತ್ರ ಅದ."

"ಅನೀಲ ಎಲ್ಲಿ?"

"ಒಂದ ಕಡಿ ತಂತಿ ಬಿಗಿಯೋದಿತ್ತು. ಬಿಗಿದು ಇಳಿ, ಯಾರದರ ಗಾಡಿ ಹತ್ತಿ ಬಾ ಅಂದಿದ್ದೆ. ಇಷ್ಟೊತ್ತಿಗೆ ಇಳಿದಿರ್ತಾನ."

"ನೋಡೀರೇನು?"

ನಾಗಸೇನ ಕೈಯಲ್ಲಿದ್ದ ಫೋನನ್ನೇ ನೋಡಿದ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಬಂದ್ ಇಡ್ರಿ ಭಾಯಿ. ಖುದಾನ ಆಣಿ, ಬಂದೇ ಇಡ್ರಿ" ಎಂದು ಕೂಗಿದ. ಅವನು ಬೈಕಿಗೆ ಕಿಕ್ ಹೊಡೆದಾಗ ವಿಶಾಖಾ ಚಪ್ಪಲಿಯಿಲ್ಲದೆ ಹಿಂದೆ ಹತ್ತಿದಳು. ಮಡೆಪ್ಪ ಏನೂ ಅನ್ನದೆ ಸ್ಕೂಟರು ತಿರುಗಿಸಿದರು.

ಹಳ್ಳದ ಆಚೆ ದಾರಿ ಮುಗಿಯಿತು. ಮೂವರೂ ಗಾಡಿ ಬಿಟ್ಟು ತೊಗರಿ ಸಾಲುಗಳ ನಡುವೆ ಓಡಿದರು. ಗಿಡಗಳ ಮೇಲೆ ಕಂಬದ ತುದಿ ಕಾಣುತ್ತಿತ್ತು. ತುದಿಯಲ್ಲಿ ಅನೀಲಕುಮಾರನಿದ್ದ. ನಾಗಸೇನ ಕಂಬದ ಬುಡಕ್ಕೆ ಬಂದು ಮುಟ್ಟಿದ.

ಅನೀಲಕುಮಾರ ಓಟದ ಸದ್ದಿಗೆ ತಿರುಗಿದ. ಬರಿಗೈಯಲ್ಲಿ ತಂತಿಯನ್ನು ಹಿಡಿದುಕೊಂಡು, ಕೆಳಗೆ ಬಾಗಿ, ಏದುಸಿರು ಬಿಡುತ್ತಿದ್ದ ಮೂವರನ್ನೂ ನೋಡಿ ಗಾಬರಿಯಾದ.

"ಯಾಕ್ರಿ, ಎಲ್ಲಾರೂ ಹಿಂಗ ಓಡಿ ಬಂದ್ರಿ? ಊರಾಗ ಯಾರಿಗರ ಏನರ ಆತೇನು?"