ಸಂಜೆಯೊಳಗೆ ಒಂದು ಸಾಲು

ಬಾಲ್ಯದಲ್ಲಿ ಅಜ್ಜನ ಪುಸ್ತಕದ ಪೆಟ್ಟಿಗೆ ತೆರೆದರೆ ಬಜೆ ಬೇರಿನ ವಾಸನೆ ಬರುತ್ತಿತ್ತು. ಈಗ ಆ ಪುಸ್ತಕಗಳೆಲ್ಲ ನನ್ನ ಕಂಪ್ಯೂಟರಿನಲ್ಲಿವೆ, ವಾಸನೆಯಿಲ್ಲದೆ. ಬೆಳಗಿನಿಂದ ಅವುಗಳಲ್ಲಿ ‘ಚಿಗವ್ವ’ ಎಂಬ ಪದವನ್ನು ಹುಡುಕುತ್ತಿದ್ದೇನೆ. ಹಳೆಯ ಕೃತಿಯೊಂದರಿಂದ ಉಲ್ಲೇಖ ಸಿಗದ ಪದವನ್ನು ಆನ್‌ಲೈನ್ ನಿಘಂಟು ಸಂಜೆಗೆ ಕೈಬಿಡುತ್ತದೆ. ನಿಘಂಟು ಬಿಟ್ಟದ್ದು ಎಲ್ಲರ ನಾಲಿಗೆಯಿಂದಲೂ ಅಳಿಸಿಹೋಗುತ್ತದೆ. ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ನೀರಿಗೆ ಇದ್ದ ಪದ ಹೋದ ವಾರ ಹೀಗೆಯೇ ಹೋಯಿತು. ಈಗ ಜನ ಸೂರಿನತ್ತ ಬೆರಳು ತೋರಿಸುತ್ತಾರೆ.

ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ನೀಲಾಂಬಿಕೆಯನ್ನು ಸಾಕಿದವಳು ನಾನು. ಚಿಗವ್ವ ಎಂದಲ್ಲದೆ ಅವಳು ನನ್ನನ್ನು ಬೇರೆ ಏನೆಂದೂ ಕರೆದಿಲ್ಲ.

ಜೊತೆಗೆ ಹುಡುಕುತ್ತಿರುವ ಹಾಲಪ್ಪ ಮಾಸ್ತರರು ಫೋನ್ ಮಾಡುತ್ತಾರೆ.

“ಅಕ್ಕಾರ, ಇದರಾಗೂ ಇಲ್ಲರಿ. ಈ ಕವಿಗಳು ಅಂತಃಪುರ ಹೊಕ್ಕಾರ, ಅಡಗಿಮನಿ ಹೊಕ್ಕಿಲ್ಲ.”

“ನೀವು ಉಂಡ್ರೇನ್ರಿ, ಮಾಸ್ತರ?”

“ಅದಿರಲಿ. ಒಂದು ಸಾಲು ನಾವೇ ಕಟ್ಟೂಣೇನ್ರಿ?”

“ಬ್ಯಾಡ್ರಿ. ಸುಳ್ಳು ಸಾಲು ಹಾಕಿದ್ರ ಪದ ಈಗಿಂದೀಗ ಹೋಗ್ತದ.”

ಅವರು ಫೋನ್ ಇಡದೆ ಇನ್ನೊಂದು ಪುರಾಣ ತೆರೆದು ಓದತೊಡಗುತ್ತಾರೆ. ನಾನೂ ಓದುತ್ತೇನೆ. ಕಿಟಕಿಯ ಬೆಳಕು ತೆಳುವಾಗುತ್ತದೆ.

“ಚಿಗವ್ವಾ, ಕದಾ ತಗಿ!”

ನಾನು ಎದ್ದು ಕದ ತೆಗೆಯುವಷ್ಟರಲ್ಲಿ ಬೀದಿಯ ದೀಪಗಳು ಹೊತ್ತಿಕೊಂಡಿವೆ. ನೀಲಾಂಬಿಕೆ ಕರೆಯಲು ಬಾಯಿ ತೆರೆದವಳು ಹಾಗೆಯೇ ನಿಲ್ಲುತ್ತಾಳೆ. ನಾನು ಅವಳಿಗೆ ಏನಾಗಬೇಕೆಂದು ಹೇಳಲು ನನಗೂ ಬರುವುದಿಲ್ಲ.

ಅವಳು ರೊಟ್ಟಿ ಪಲ್ಯದ ಬಿಸಿ ಡಬ್ಬಿಯನ್ನು ನನ್ನ ಕೈಗಿಡುತ್ತಾಳೆ.